ಆ ತುದಿ ಹಿಡ್ಕ

ಹೋದ ತಿಂಗಳು ತೀರಿಕೊಂಡ ದೊಡ್ಡವ್ವನಿಗೆ ವಯಸ್ಸೆಷ್ಟು ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಈ ರೈಲ್ವೆ ಗೇಟು ಹಾಕಾಕೆ ಮುಂಚೆ ನಂಗೆ ಎರಡು ಮಕ್ಕಳಾಗಿದ್ವು. ಲೆಕ್ಕ ಹಾಕ್ಕ. ಲೆಕ್ಕದ ಟೀಚರಮ್ಮ ನೀನೇ ಅಲ್ವೇನು?" ಅಂದಿದ್ದಳು. ಗೇಟು ಯಾವಾಗ ಹಾಕಿದರೋ ಈ ಲೆಕ್ಕದ ಟೀಚರಿಗೂ ತಿಳಿಯದು, ಹಾಗಾಗಿ ಲೆಕ್ಕ ಅಲ್ಲಿಗೇ ನಿಂತಿತು.

ಅವಳು ನನಗೆ ಸಂಬಂಧಿಕಳಲ್ಲ. ಚಿಕ್ಕಜಾಜೂರಿನ ಸ್ಟೇಷನ್ ಹಿಂದಿನ ನಮ್ಮ ಓಣಿಯಲ್ಲಿ ಎದುರು ಮನೆಯವಳು. ಓಣಿಗೆಲ್ಲ ದೊಡ್ಡವ್ವ, ನನಗೂ ದೊಡ್ಡವ್ವ. ಕುರಿ ಸಾಕುವ ಮನೆತನ. ಮಗ, ಸೊಸೆ ಬೆಳಗ್ಗೆ ಕುರಿ ಹೊಡೆದುಕೊಂಡು ಹೋದರೆ ಮನೆ, ಎಮ್ಮೆ, ಓಣಿಯ ತುದಿಯಲ್ಲಿ ರಾತ್ರಿ ಕುರಿ ಕೂಡುವ ರೊಪ್ಪ, ಎಲ್ಲವೂ ಅವಳದೇ. ರೊಪ್ಪದ ಹಿಕ್ಕೆ ಗುಡಿಸಿ, ಪುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕಿ ಬರುವಷ್ಟರಲ್ಲಿ ನಾವು ಓಣಿಯವರು ಹಲ್ಲುಜ್ಜಲು ಶುರುಮಾಡಿರುತ್ತಿದ್ದೆವು.

ನನ್ನ ಯಜಮಾನರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿ, ನಾವು ಈ ಓಣಿಗೆ ಬಂದ ಎರಡನೇ ದಿನವೇ ನಾನು ಹಾಲಿನ ವಿಚಾರ ಕೇಳಲು ಅವಳ ಮನೆಗೆ ಹೋಗಿದ್ದೆ. ಹೊಸದಾಗಿ ಬಂದ ನೆರೆಯವಳು, ಇಸ್ತ್ರಿ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ ದೊಡ್ಡವ್ವ ತಲೆಯೆತ್ತಿ ನೋಡಿದಳು. ಬಾ ಅನ್ನಲಿಲ್ಲ, ಯಾರು ಅನ್ನಲಿಲ್ಲ. "ಬಂದ್ಯಾ? ಒಳ್ಳೇದಾತು. ಆ ತುದಿ ಹಿಡ್ಕ," ಅಂದಳು. ನಾನು ಹಿಡಿದೆ. ಬಿಗಿಯಾಗಿ ಹಿಡಿ, ಹಿಂದಕ್ಕೆ ಹೋಗು, ಇನ್ನೂ ಹಿಂದಕ್ಕೆ, ಜೋಲು ಬಿಡಬ್ಯಾಡ, ಎಳಿ, ಎಳಿ ಎನ್ನುತ್ತಾ ಅವಳು ಹುರಿ ಹಾಕಿದಳು. ನಾನು ಹಿಂದೆ ಹಿಂದೆ ಹೋಗಿ ಅವರ ಬೇಲಿಗೆ ಬೆನ್ನು ತಾಗಿಸಿಕೊಂಡು ನಿಂತೆ. ಹಗ್ಗ ಮುಗಿದ ಮೇಲೆ ಡಬ್ಬಿ ತುಂಬ ಹಾಲು ಕೊಟ್ಟು, "ಎಮ್ಮೆ ಕಟ್ಟಾಕೆ ಹಗ್ಗಾನೇ ಇರ್ಲಿಲ್ಲ ಕಣವ್ವ, ದೇವ್ರು ಕಳ್ಸಿದಂಗೆ ಬಂದೆ" ಅಂದಳು. ಮನೆಗೆ ಬಂದು ಅಂಗೈ ನೋಡಿಕೊಂಡೆ, ಕೆಂಪಗೆ ಉರಿಯುತ್ತಿತ್ತು. ಇದೆಂಥ ಹೆಂಗಸಪ್ಪಾ ಎಂದು ಯಜಮಾನರ ಹತ್ತಿರ ಒಂದು ಗಂಟೆ ದೂರು ಹೇಳಿದೆ.

ಆಮೇಲೆ ತಿಳಿಯಿತು, ಇದು ನನಗೊಬ್ಬಳಿಗೆ ಸಿಕ್ಕ ಮರ್ಯಾದೆಯಲ್ಲ ಎಂದು. ಅವಳ ಮನೆಗೆ ಯಾರು ಹೋದರೂ ಕೈಗೊಂದು ಕೆಲಸ ಬರುತ್ತಿತ್ತು. ಬೆಳ್ಳುಳ್ಳಿ ಸುಲಿ, ಈ ಮೊರ ಹಿಡಿ, ಆ ಕರು ಆ ಕಡೆ ಕಟ್ಟು. ಒಂದು ಸಲ ಚುನಾವಣೆಗೆ ನಿಂತವರೊಬ್ಬರು ಬಿಳಿ ಬಟ್ಟೆ, ಹಿಂದೆ ಹತ್ತು ಜನರೊಂದಿಗೆ ಕೈ ಮುಗಿದುಕೊಂಡು ಬಂದರು. ದೊಡ್ಡವ್ವ ಶೇಂಗಾದ ಪುಟ್ಟಿ ಅವರ ಮುಂದೆ ಸರಿಸಿದಳು. "ಓಟಿನ ಮಾತು ಆಡಾಣ, ಆಡ್ರಿ. ಆಡ್ಕಂತ ಹಂಗೇ ಇವನ್ನ ಬಿಡಿಸ್ರಿ. ಬೀಜಕ್ಕೆ ಬೇಕು, ನಾಳೆ ಬಿತ್ತನೆ." ಫೋಟೋ ತೆಗೆಯುವ ಹುಡುಗ ಇದ್ದುದರಿಂದ ಅವರು ಇಲ್ಲ ಅನ್ನಲಾಗಲಿಲ್ಲ. ಹತ್ತೂ ಜನ ಕೂತು ಶೇಂಗಾ ಒಡೆದರು. ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಅವರು ಗೆದ್ದರೋ ಸೋತರೋ ನೆನಪಿಲ್ಲ, ದೊಡ್ಡವ್ವನ ಬಿತ್ತನೆಯಂತೂ ಮಾರನೇ ದಿನ ಆಯಿತು.

ನಾನು ಮತ್ತು ನಮ್ಮ ಶಾಲೆಯ ಇನ್ನಿಬ್ಬರು ಟೀಚರುಗಳು ಬೆಳಗ್ಗೆ ವಾಕಿಂಗ್ ಶುರುಮಾಡಿದ ಕಥೆಯನ್ನೂ ಹೇಳಿಬಿಡುತ್ತೇನೆ. ಬಿಳಿ ಬೂಟು ಕೊಂಡೆವು. ಓಣಿಯಿಂದ ಹೊರಟು ಸ್ಟೇಷನ್ ರಸ್ತೆಯುದ್ದಕ್ಕೂ ಕೈ ಬೀಸಿಕೊಂಡು ಹೋಗಿ ಬರುವುದು. ಮೊದಲ ದಿನವೇ ದೊಡ್ಡವ್ವ ತಡೆದಳು.

"ಎಲ್ಲಿಗ್ರವ್ವ ಇಷ್ಟು ಬಿರುಸಾಗಿ?"

"ಎಲ್ಲಿಗೂ ಇಲ್ಲ ದೊಡ್ಡವ್ವ, ಸುಮ್ನೆ ವಾಕಿಂಗು. ಮೈಗೆ ಒಳ್ಳೇದು."

"ಸುಮ್ನೆ ಹೋಗಿ ಸುಮ್ನೆ ಬತ್ತೀರ?" ಅವಳ ದನಿಯಲ್ಲಿ ಗೇಲಿ ಇರಲಿಲ್ಲ, ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದಳು. ಮಾರನೇ ದಿನ ಬಾಗಿಲಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಕಾಯುತ್ತಿದ್ದಳು. "ಹೆಂಗೂ ಬರಿಗೈಲಿ ಹೋಗ್ತೀರಲ್ಲ, ಸ್ಟೇಷನ್ ಹೋಟ್ಲಿಗೆ ಇದೊಂದು ಕೊಟ್ಟುಬಿಡ್ರಿ." ಅಲ್ಲಿಗೆ ಮುಗಿಯಿತು ನಮ್ಮ ವಾಕಿಂಗು. ಮೂವರೂ ಸರದಿಯ ಮೇಲೆ ಕ್ಯಾನು ಹೊತ್ತೆವು. ಬರುವಾಗ ಖಾಲಿ ಕ್ಯಾನಿನ ಜೊತೆ ಹೋಟೆಲಿನ ತರಕಾರಿ ಸಿಪ್ಪೆಯ ಚೀಲ, ಎಮ್ಮೆಗೆ. ಆಶ್ಚರ್ಯ ಏನೆಂದರೆ, ಮೊದಲು ಮಳೆ, ಚಳಿ, ನೆಗಡಿ ಎಂದು ತಪ್ಪಿಸುತ್ತಿದ್ದ ನಾವು ಈಗ ತಪ್ಪಿಸುವಂತಿರಲಿಲ್ಲ. ಹಾಲು ಹೋಗದಿದ್ದರೆ ಮೊದಲ ರೈಲಿನ ಜನಕ್ಕೆ ಟೀ ಇಲ್ಲ. ಹೋಟೆಲಿನವನು ಫೋನ್ ಮಾಡಿ ಬೈಯುತ್ತಿದ್ದ.

ಅವಳ ಮೈ ನೋಡಿ ನಾನು ಬೆರಗಾದಷ್ಟು ಇನ್ಯಾರ ಮೈ ನೋಡಿಯೂ ಆಗಿಲ್ಲ. ದಪ್ಪವೂ ಇಲ್ಲ, ಗಟ್ಟಿಮುಟ್ಟು ಅನ್ನುವ ಹಾಗೂ ಇಲ್ಲ, ಒಣಗಿದ ಸಣ್ಣ ಜೀವ. ಆದರೆ ನೆಲದ ಮೇಲೆ ಕೂತವಳು ಏಳುವಾಗ ಕೈ ಊರುತ್ತಿರಲಿಲ್ಲ. ಸೊಂಟದಲ್ಲಿ ಕೊಡ, ಕೈಯಲ್ಲಿ ಕುರಿಮರಿ, ಹಾಗೇ ಎದ್ದುಬಿಡುತ್ತಿದ್ದಳು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ನಾನೂ ಹಾಗೆ ಏಳಲು ಹೋಗಿ ಸೋಫಾ ಮೇಲೆ ಬಿದ್ದೆ. ಬಿದ್ದು ಅಲ್ಲೇ ಕೂತು, ಎಲಾ ಇವಳ, ಇದನ್ನೆಲ್ಲ ಎಲ್ಲಿ ಕಲಿತಳು ಎಂದುಕೊಂಡೆ. ಎಲ್ಲೂ ಕಲಿತಿರಲಿಲ್ಲ. ಬಿಟ್ಟಿರಲಿಲ್ಲ, ಅಷ್ಟೇ.

ಇಷ್ಟೇ ಆಗಿದ್ದರೆ ಅವಳು ನನಗೆ ಓಣಿಯ ಒಬ್ಬ ತಮಾಷೆಯ ಮುದುಕಿಯಾಗಿ ಉಳಿಯುತ್ತಿದ್ದಳು. ನನ್ನ ಅಮ್ಮನಿಗೆ ಲಕ್ವ ಹೊಡೆದದ್ದು ಅವಳು ಯಾರೆಂದು ತೋರಿಸಿತು.

ಅಪ್ಪ ಹೋದ ಮೇಲೆ ಅಮ್ಮ ಹಿರಿಯೂರಿನಿಂದ ಬಂದು ನಮ್ಮ ಜೊತೆಗೇ ಇದ್ದಳು. ಅಚ್ಚುಕಟ್ಟು ಎಂದರೆ ಅಮ್ಮ. ಅವಳ ಬೀರು ತೆರೆದರೆ ಜವಳಿ ಅಂಗಡಿ ತೆರೆದ ಹಾಗೆ, ಒಂದು ಸೀರೆಯ ಅಂಚೂ ಆಚೆ ಈಚೆ ಆಗಿರುತ್ತಿರಲಿಲ್ಲ. ಒಂದು ಬೆಳಗ್ಗೆ ಕಾಫಿ ಲೋಟ ಅವಳ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದಳು, ಬಲಗೈ ಬರಲಿಲ್ಲ. ಏನೋ ಹೇಳಿದಳು, ಮಾತು ತೊದಲಿತು. ಚಿತ್ರದುರ್ಗಕ್ಕೆ ಓಡಿದೆವು. ಬೇಗ ಕರೆತಂದಿದ್ದೀರಿ ಎಂದರು ಡಾಕ್ಟರು. ಜೀವ ಉಳಿಯಿತು, ಮಾತು ಸರಿಹೋಯಿತು, ಕಾಲಿಗೂ ಸ್ವಲ್ಪ ಬಲ ಬಂತು. ಬಲಗೈ ಮಾತ್ರ ಯಾರದೋ ಕೈ ತಂದು ತೊಡೆಯ ಮೇಲೆ ಇಟ್ಟ ಹಾಗೆ ಬಿದ್ದಿತ್ತು.

ಹೊಳಲ್ಕೆರೆಯಿಂದ ಫಿಜಿಯೋಥೆರಪಿಯ ಹುಡುಗ ಬೈಕಿನಲ್ಲಿ ಬರುತ್ತಿದ್ದ. ಒಳ್ಳೆಯ ಹುಡುಗ. ನನ್ನನ್ನು ಹೊರಗೆ ಕರೆದು ಹೇಳಿದ: "ಮೇಡಂ, ಕೈ ವಾಪಸ್ ಬರೋ ಚಾನ್ಸ್ ಐತೆ. ಆದ್ರೆ ಈ ಕೆಲವೇ ತಿಂಗಳು. ಈಗ ಆಡಿಸ್ಲಿಲ್ಲ ಅಂದ್ರೆ ಆಮೇಲೆ ಹಂಗೇ ಉಳಿದುಬಿಡ್ತದೆ. ನಾನು ವಾರಕ್ಕೆರಡು ಸಲ ಬಂದ್ರೆ ಸಾಲಲ್ಲ. ದಿನಾ ಮಾಡ್ಬೇಕು, ಹತ್ತಾರು ಸಲ ಮಾಡ್ಬೇಕು."

ಅಮ್ಮ ಮಾಡುತ್ತಿರಲಿಲ್ಲ. ಅವನು ಕೊಟ್ಟ ಮೆತ್ತನೆ ಚೆಂಡು ಹಾಸಿಗೆಯ ಕೆಳಗೆ ಉರುಳಿ ಹೋಗುತ್ತಿತ್ತು. ಗೋಡೆಯ ಮೇಲೆ ಬೆರಳು ಹತ್ತಿಸಮ್ಮ ಎಂದರೆ ಮುಖ ತಿರುಗಿಸುತ್ತಿದ್ದಳು. "ಮುದುಕಿ ಗೋಡೆ ಕೆರೀತಾಳೆ ಅಂತ ಜನ ನಗಲಿ ಅಂತಾನಾ?" ಎಂದು ಅತ್ತಳು ಒಂದು ದಿನ. ನಾನು ಗದರಿದೆ, ಬೇಡಿಕೊಂಡೆ, ನಾನೂ ಅತ್ತೆ. ನೋಡಲು ಬಂದ ನೆಂಟರಿಷ್ಟರು ಬ್ರೆಡ್ಡು, ಸೇಬು ಇಟ್ಟು, "ಮಲ್ಕಳ್ರಿ, ಏನೂ ಮಾಡಾಕೆ ಹೋಗ್ಬ್ಯಾಡ್ರಿ, ಜೀವನಪೂರ್ತಿ ಮಾಡೀರಿ" ಎಂದು ಹೇಳಿ ಹೋಗುತ್ತಿದ್ದರು. ಅದನ್ನು ಮಾತ್ರ ಅಮ್ಮ ಶ್ರದ್ಧೆಯಿಂದ ಪಾಲಿಸುತ್ತಿದ್ದಳು.

ದೊಡ್ಡವ್ವ ಬಂದಳು. ಸೇಬು ತರಲಿಲ್ಲ. ಫಿಜಿಯೋ ಹುಡುಗನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಅವನು ಅಮ್ಮನ ಬೆರಳು ಹೇಗೆ ಮಡಚುತ್ತಾನೆ, ಮೊಣಕೈ ಹೇಗೆ ಎತ್ತುತ್ತಾನೆ ಎಂದು ಕಣ್ಣು ಮಿಟುಕಿಸದೆ ನೋಡಿದಳು.

"ಅಪ್ಪಾ, ಈ ಹೆಬ್ಬೆರಳು, ತೋರುಬೆರಳು ಹಿಂಗೆ ಒತ್ತಿಸ್ತೀಯಲ್ಲ, ಅದು ಯಾತಕ್ಕೆ?"

"ಚಿವುಟೋ ಶಕ್ತಿ ಬರ್ಬೇಕಲ್ಲಜ್ಜಿ. ಗುಂಡಿ ಹಾಕಾಕೆ, ತುತ್ತು ಹಿಡಿಯಾಕೆ."

"ಇದು?"

"ಇದು ಭುಜಕ್ಕೆ. ಕೈ ಮೇಲೆತ್ತಿ ಮುಂದಕ್ಕೆ ಚಾಚ್ಬೇಕು. ನಿಂತು ಮಾಡಿದ್ರೆ ಇನ್ನೂ ಒಳ್ಳೇದು."

ಅವಳು ಹ್ಞೂಂ ಎಂದು ಎದ್ದು ಹೋದಳು. ಮಾರನೇ ದಿನ ನೆನೆಸಿದ ಅವರೆಕಾಳಿನ ಬೋಗುಣಿ ತಂದು ಅಮ್ಮನ ತೊಡೆಯ ಮೇಲೇ ಇಟ್ಟಳು. "ತಂಗೀ, ನನ್ನ ಮಗಂಗೆ ಹಿತಕಿದ ಬ್ಯಾಳೆ ಸಾರು ಬೇಕಂತೆ. ನಂಗೆ ರೊಪ್ಪದ ಕೆಲ್ಸ ಐತೆ. ಮಧ್ಯಾಹ್ನಕ್ಕೆ ಬತ್ತೀನಿ, ಆಗಿರ್ಬೇಕು." ಅಷ್ಟು ಹೇಳಿ ಹೋಗಿಯೇಬಿಟ್ಟಳು.

ಹಿತಕಿದ ಬೇಳೆ ಎಂದರೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಸಿಪ್ಪೆಯಿಂದ ಹೊರಗೆ ಹಾರಿಸಬೇಕು. ಅಮ್ಮ ಮೊದಲು ಎಡಗೈಯಲ್ಲೇ ಮಾಡಿದಳು. ಎಡಗೈ ಸೋತಿತು. ಯಾರದೋ ಮನೆಯ ಸಾರು ಕಾಯುತ್ತಿತ್ತು, ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ ಅಮ್ಮ. ನಾನು ಶಾಲೆಯಿಂದ ಊಟಕ್ಕೆ ಬಂದಾಗ ಬಲಗೈ ಬೋಗುಣಿಯ ಒಳಗಿತ್ತು. ಬೆರಳುಗಳು ಕಾಳಿನ ಮೇಲೆ ಜಾರುತ್ತಿದ್ದವು, ಮತ್ತೆ ಹುಡುಕುತ್ತಿದ್ದವು. ಒಂದು ಕಾಳು ಪಟಕ್ಕನೆ ಸಿಪ್ಪೆಯಿಂದ ಹಾರಿ ನೆಲಕ್ಕೆ ಬಿತ್ತು. ಅಮ್ಮ ನನ್ನನ್ನು ನೋಡಿದಳು. ನಾನು ನೋಡಲೇ ಇಲ್ಲವೆಂಬಂತೆ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡೆ.

ಆಮೇಲೆ ದಿನಕ್ಕೊಂದು ಬಂತು. ಒಂದು ದಿನ ಬಿಡಿಸುವುದು, ಒಂದು ದಿನ ಹಿಂಡುವುದು, ಒಂದು ದಿನ ಆರಿಸುವುದು. ಎಲ್ಲವೂ ತುರ್ತು, ಎಲ್ಲವೂ ಮಧ್ಯಾಹ್ನಕ್ಕೆ ಆಗಬೇಕು. ಅಮ್ಮ ಗೊಣಗುತ್ತಲೇ ಮಾಡಿದಳು.

ಆಮೇಲೆ ಸೀರೆ ಶುರುವಾಯಿತು. ಒಂದು ಭಾನುವಾರ ದೊಡ್ಡವ್ವ ತನ್ನ ಒಗೆದ ಸೀರೆಗಳ ರಾಶಿಯನ್ನು ನಮ್ಮ ನಡುಮನೆಗೇ ತಂದು ಸುರಿದುಕೊಂಡು ಮಡಚತೊಡಗಿದಳು. ಮಡಚುವುದೋ ಅದು! ಮುದ್ದೆ ಮಾಡಿ ಒತ್ತುವುದು. ಅಮ್ಮ ಮಂಚದ ಮೇಲಿಂದ ನೋಡಿದಳು, ಕಣ್ಣು ಮುಚ್ಚಿದಳು, ಮತ್ತೆ ನೋಡಿದಳು. ತಡೆಯಲಾಗಲಿಲ್ಲ.

"ಅಕ್ಕ, ಸೀರೆ ಮಡಚೋದು ಬರಲ್ವಾ ನಿಂಗೆ? ಅಂಚಿಗೆ ಅಂಚು ಕೂಡಿಸ್ಬೇಕು."

"ಒಬ್ಬಳೇ ಹೆಂಗೆ ಕೂಡಿಸ್ಲಿ? ಬಾ, ಆ ತುದಿ ಹಿಡ್ಕ."

ಅಮ್ಮ ಗೋಡೆ ಹಿಡಿದು ಎದ್ದಳು. ದೊಡ್ಡವ್ವ ಸೀರೆಯ ಎರಡು ಮೂಲೆಗಳನ್ನು ಅವಳ ಎರಡೂ ಕೈಗೆ ಕೊಟ್ಟು ಹಿಂದೆ ಹೋದಳು. ಸೀರೆ ನಡುಮನೆಯ ಉದ್ದಕ್ಕೂ ಬಿಗಿಯಾಯಿತು. ಬಲಗೈಯ ಮೂಲೆ ಜಾರಿ ನೆಲಕ್ಕೆ ಬಿತ್ತು. ನಾನು ಓಡಿ ಎತ್ತಿಕೊಡಲು ಹೋದೆ.

"ಟೀಚರಮ್ಮ, ಒಲೆ ಮೇಲೆ ಹಾಲು ಉಕ್ಕತೈತೆ, ನೋಡೋಗು," ಅಂದಳು ದೊಡ್ಡವ್ವ.

ಓಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ಒಲೆ ಹಚ್ಚಿಯೇ ಇರಲಿಲ್ಲ. ಅಲ್ಲೇ ನಿಂತುಕೊಂಡೆ. "ಬಿದ್ದೈತೆ ತಗಾ," ಅಂದಿತು ದೊಡ್ಡವ್ವನ ದನಿ. ಅಮ್ಮನ ಏದುಸಿರು. "ಆಗಲ್ಲ ಅಕ್ಕ." "ನಾನು ಈ ತುದಿ ಬಿಟ್ರೆ ಇದೂ ಬೀಳ್ತೈತೆ, ನನ್ನ ಕೈ ನೋಯ್ತಾ ಐತೆ, ಬಿರ್ರನೆ ತಗಾ." ಆಮೇಲೆ ಬಳೆಯ ಸದ್ದು. ತುಂಬ ಹೊತ್ತಾದ ಮೇಲೆ ಅಮ್ಮ ಜೋರಾಗಿ, "ಹಿಡಿದಿದೀನಿ, ನೀನು ನೆಟ್ಟಗೆ ಎಳೆಯೇ!" ಎಂದು ಗದರಿದ್ದು ಕೇಳಿಸಿತು. ನಾನು ಬಾಗಿಲಿಗೆ ಬಂದೆ. ಕೈಯೆತ್ತಿ, ಮೂಲೆಗೆ ಮೂಲೆ ಕೂಡಿಸಿ, ಇಬ್ಬರೂ ಹೆಜ್ಜೆ ಹೆಜ್ಜೆ ಹತ್ತಿರ ಬರುತ್ತಿದ್ದರು.

ಅದೇ ಹೊತ್ತಿಗೆ ಹಿರಿಯೂರಿನಿಂದ ಚಿಕ್ಕಮ್ಮ, ಅಮ್ಮನ ತಂಗಿ, ಬಂದಿಳಿದಳು. ಲಕ್ವ ಹೊಡೆದ ಅಕ್ಕ ಎದುರು ಮನೆಯವರ ಸೀರೆ ಮಡಚುತ್ತಿರುವುದನ್ನು ಕಂಡು ಬ್ಯಾಗು ಕೆಳಗಿಡುವ ಮೊದಲೇ ಶುರುಮಾಡಿದಳು. "ಕಾಯಿಲೆಯವಳ ಕೈಲಿ ಜೀತ ಮಾಡಿಸ್ತೀರಲ್ರೀ, ನಿಮಗೇನು ಮನುಷ್ಯತ್ವ ಇಲ್ವಾ? ನಿಮ್ಮ ಮನೆ ಚಾಕರಿ ನೀವು ಮಾಡ್ಕಳ್ರಿ. ಇನ್ನು ಈ ಹೊಸ್ತಿಲು ತುಳೀಬ್ಯಾಡ್ರಿ." ಇಲ್ಲ ಚಿಕ್ಕಮ್ಮ, ಹಂಗಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ದೊಡ್ಡವ್ವ ಉಳಿದ ಸೀರೆಗಳನ್ನು ಗಂಟು ಕಟ್ಟಿಕೊಂಡು ಹೊರಟಳು. ಮಾರನೇ ದಿನ ಬರಲಿಲ್ಲ. ನಾನು ಹೋಗಿ ಕರೆದೆ. "ರಕ್ತ ಹಂಚ್ಕಂಡೋಳು ಅವಳು, ಅವಳಿಗೂ ಸಂಕಟ ಇರ್ತೈತೆ. ನಿಮ್ಮಮ್ಮ ಬ್ಯಾಡ ಅನ್ಲಿಲ್ವಲ್ಲ, ನೋಡಾಣ ಇರು," ಅಂದಳು.

ಆಗ ನನ್ನ ಕಣ್ಣಿಗೆ ಅವಳ ಮನೆಯೊಳಗಿನ ಹಗ್ಗ ಬಿತ್ತು. ಹಿಂದಿನ ದಿನ ಮಡಚದೆ ಗಂಟು ಕಟ್ಟಿ ಒಯ್ದ ಸೀರೆಗಳು ಅದರ ಮೇಲೆ ಸಾಲಾಗಿದ್ದವು. ಅಂಚಿಗೆ ಅಂಚು, ಒಂದೂ ಆಚೆ ಈಚೆ ಇಲ್ಲ. ಅಮ್ಮನ ಬೀರುವಿನಲ್ಲೂ ಅಷ್ಟು ನೀಟಾಗಿ ಕಂಡಿರಲಿಲ್ಲ.

"ದೊಡ್ಡವ್ವ! ನಿಂಗೆ ಮಡಚೋಕೆ ಬರ್ತಿತ್ತು!"

"ಶ್, ನಿಮ್ಮಮ್ಮಂಗೆ ಹೇಳೀಯ ಮತ್ತೆ." ಸುತ್ತ ನೋಡಿ ನಕ್ಕಳು. "ಮೈಗೆ ಒಂದು ನೆಪ ಬೇಕು ಕಣವ್ವ. ನಂಗೆ ಎಮ್ಮೆ ನೆಪ, ಕುರಿ ನೆಪ. ನಿಮ್ಮಮ್ಮಂಗೆ ನಾನೇ ನೆಪ. ನೀವು ಆ ಯಮ್ಮನ ಕೈಲಿದ್ದುದನ್ನೆಲ್ಲ ಕಿತ್ಕಂಡು ಚೆಂಡು ಕೊಟ್ರೆ ಯಾತಕ್ಕೆ ಎದ್ದಾಳು?"

ಅಮ್ಮ ನಾಲ್ಕು ದಿನ ಮಂಕಾಗಿದ್ದಳು. ಚಿಕ್ಕಮ್ಮ ತುತ್ತು ಮಾಡಿ ತಿನ್ನಿಸಿದಳು, ತಲೆ ಬಾಚಿದಳು, ಪ್ರೀತಿಯಿಂದಲೇ. ಬಲಗೈ ಮತ್ತೆ ತೊಡೆಯ ಮೇಲೆ ಹೋಗಿ ಮಲಗಿತು. ಫಿಜಿಯೋ ಹುಡುಗ ಬಂದು ಬೆರಳು ಹಿಡಿದು ನೋಡಿ, ಬಿಗಿಯಾಗಿದೆಯಲ್ಲ, ಏನು ನಿಲ್ಲಿಸಿದಿರಿ ಎಂದು ಕೇಳಿದ. ನಾನು ಸೀರೆಯ ಕಥೆ ಹೇಳಿದೆ. "ಅಯ್ಯೋ ಮೇಡಂ, ನಿಂತು ಎರಡೂ ಕೈ ಎತ್ತಿಸ್ಬೇಕು ಅಂತ ನಾನು ತಿಂಗಳಿಂದ ಒದ್ದಾಡ್ತಿದೀನಿ, ಅದನ್ನ ಯಾಕೆ ಬಿಡಿಸಿದ್ರಿ?" ಎಂದು ತಲೆ ಚಚ್ಚಿಕೊಂಡ. ಚಿಕ್ಕಮ್ಮ ಅಲ್ಲೇ ನಿಂತು ಕೇಳುತ್ತಿದ್ದಳು. ಅವಳ ಮುಖ ಇಳಿಯಿತು.

ಮಾರನೇ ಬೆಳಗ್ಗೆ ಅಮ್ಮ ಮಂಚದ ಮೇಲೆ ಇರಲಿಲ್ಲ. ಹೊರಗೆ ಓಡಿ ಬಂದೆವು. ಕೋಲು ಊರಿಕೊಂಡು, ಕಾಲು ಎಳೆದುಕೊಂಡು, ಅಮ್ಮ ಓಣಿಯ ನಡುವೆ ಇದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಬ್ಬಳೇ ಹೊಸ್ತಿಲು ದಾಟಿದ್ದು ಅದೇ ಮೊದಲು. ನಾನು ಹಿಡಿಯಲು ಹೋದೆ. ಚಿಕ್ಕಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. ಎದುರು ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಳು. ಕೈ ಚಾಚಲಿಲ್ಲ, ಎದುರಿಗೆ ಬರಲಿಲ್ಲ. ಅಮ್ಮ ಮೆಟ್ಟಿಲ ಹತ್ತಿರ ಬಂದು ನಿಂತು, "ಯಾಕಕ್ಕ ಬರ್ಲಿಲ್ಲ? ಸಿಟ್ಟು ಬಂತಾ?" ಅಂದಳು.

"ಎಂಥ ಸಿಟ್ಟೇ, ಪುರುಸೊತ್ತಿಲ್ಲ ಮಾರಾಯ್ತಿ. ಮೊಸರು ಕಡೀಬೇಕು, ಈ ಹಗ್ಗ ಹಿಡ್ಕಾ ಬಾ." ಅಷ್ಟು ಹೇಳಿ ಒಳಗೆ ತಿರುಗಿದವಳು ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು.

ಕಂಬಕ್ಕೆ ಕಟ್ಟಿದ ಕಡಗೋಲು, ಹಗ್ಗದ ಎರಡು ತುದಿ ಅಮ್ಮನ ಎರಡು ಕೈಯಲ್ಲಿ. ಎಡಗೈ ಎಳೆದರೆ ಬಲಗೈ ತಾನಾಗಿ ಮುಂದೆ ಹೋಗಬೇಕು, ಬಲಗೈ ಎಳೆಯದಿದ್ದರೆ ಬೆಣ್ಣೆ ಬರುವುದಿಲ್ಲ. ಅವತ್ತಿನಿಂದ ಅದು ಅಮ್ಮನ ದಿನದ ಕೆಲಸವಾಯಿತು. ಚಿಕ್ಕಮ್ಮ ಊರಿಗೆ ಹೋಗುವ ಮುನ್ನ ದೊಡ್ಡವ್ವನ ಮನೆಗೆ ಹೋಗಿ ಕೈ ಹಿಡಿದುಕೊಂಡು ಅತ್ತಳಂತೆ. ಅವಳ ಕೈಗೂ ಒಂದು ಮೊರ ಸಿಕ್ಕಿತಂತೆ, ರಾಗಿ ಕೇರಿ ಬಂದಳು. ಮಳೆಗಾಲ ಬರುವ ಹೊತ್ತಿಗೆ ಅಮ್ಮ ಬಲಗೈಯಲ್ಲಿ ತುತ್ತು ಮಾಡಿ ಉಂಡಳು. ಅದಾದ ಮೇಲೆ ಬಂದವರಿಗೆಲ್ಲ, "ಎದುರು ಮನೆ ಅಕ್ಕ ಬಾಳ ಒಳ್ಳೇಳು, ಆದ್ರೆ ಪಾಪ, ಒಂದು ಸೀರೆ ಮಡಚೋಕೂ ನಾನೇ ಕಲಿಸ್ಬೇಕಾತು" ಎಂದು ಹೇಳಿಕೊಂಡು ತಿರುಗಿದಳು. ದೊಡ್ಡವ್ವನ ಎದುರಲ್ಲೇ ಹೇಳುತ್ತಿದ್ದಳು. ದೊಡ್ಡವ್ವ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಓಣಿಯ ಹೆಂಗಸರು ಮುಸಿಮುಸಿ ನಕ್ಕರೂ ಅವಳು ಒಂದು ಸಲವೂ ನಿಜ ಬಿಟ್ಟುಕೊಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಆ ಸಣ್ಣ ಮೈಯೊಳಗೆ ಎಲ್ಲಿತ್ತೋ, ನನಗೆ ಈಗಲೂ ತಿಳಿಯದು.

ಹೋದ ತಿಂಗಳು ಒಂದು ಬೆಳಗ್ಗೆ ರೊಪ್ಪ ಗುಡಿಸುತ್ತಿದ್ದ ದೊಡ್ಡವ್ವ, ಯಾಕೋ ಸುಸ್ತು ಕಣೇ ಎಂದು ಸೊಸೆಗೆ ಹೇಳಿದಳಂತೆ. ಸೊಸೆ ನೀರು ತರುವಷ್ಟರಲ್ಲಿ ಮುಗಿದಿತ್ತು. ನಾವು ಹೋದಾಗ ಅವರ ಪದ್ಧತಿಯಂತೆ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ಭಂಡಾರ, ಮಡಿಲಲ್ಲಿ ಎರಡು ಕೈ. ಆ ಕೈಗಳಲ್ಲಿ ಏನೂ ಇಲ್ಲದ್ದನ್ನು ನಾನು ಅವತ್ತೇ ನೋಡಿದ್ದು.

ಯಾರೋ ಅಮ್ಮನಿಗೆ ಕುರ್ಚಿ ತಂದು ಹಾಕಿದರು. ಅಮ್ಮ ಅದನ್ನು ದಾಟಿಕೊಂಡು ಜಗಲಿ ಹತ್ತಿದಳು. ಬಲಗೈ ಚಾಚಿ ದೊಡ್ಡವ್ವನ ಭುಜವನ್ನು ಗಟ್ಟಿಯಾಗಿ ಹಿಡಿದಳು, ಹಿಡಿದು ಅಲ್ಲಾಡಿಸಿದಳು.

"ಏಳಕ್ಕಾ. ಏಳೇ. ನನ್ನ ಎಬ್ಬಿಸಿ ಓಡಾಡಿಸಿಬಿಟ್ಟು, ನೀನು ಕುಂತ್ಕಂಡ್ಯೇನೆ?"